ಹೆರಿಗೆ ರಜೆ ಯಾವಾಗಿಂದ ಹಾಕೋದು?
ಮೊದಲ ಎರಡು ಮಕ್ಕಳಿಗೆ ಸಂಬಳದ ರಜೆ 26 ವಾರ. ಅದರಲ್ಲಿ ಹೆರಿಗೆಗೆ ಮುಂಚೆ ಹೆಚ್ಚೆಂದರೆ 8 ವಾರ ಹಾಕಬಹುದು. ಮುಂಚೆ 4 ಹೋದರೆ ಮಗು ಬಂದ ಮೇಲೆ 22 ಉಳಿಯುತ್ತದೆ.

ಕೊನೆಯ ದಿನದವರೆಗೂ ಕೆಲಸಕ್ಕೆ ಹೋಗುತ್ತೇನೆ ಎಂದು ನಾನು ಹಟ ಹಿಡಿದಿದ್ದೆ. ಉಡುಪಿಯಿಂದ ಮಂಗಳೂರಿಗೆ ದಿನಾ ಎಕ್ಸ್‌ಪ್ರೆಸ್ ಬಸ್ಸು. ಎಂಟು ತಿಂಗಳು ತುಂಬುವಾಗ, ಸುರತ್ಕಲ್ ಬರುವಷ್ಟರಲ್ಲಿ ಕಾಲು ಊದಿ ಚಪ್ಪಲಿಯ ಪಟ್ಟಿ ಅಚ್ಚು ಬೀಳುತ್ತಿತ್ತು. ಡಾಕ್ಟರಿಗೆ ತೋರಿಸಿದೆ, ಬಿಪಿ ಸರಿ ಇತ್ತು. ಆಫೀಸಿನ ಕೆಲಸ ಏನೂ ಕಷ್ಟವಲ್ಲ, ದಾರಿಯೇ ಕಷ್ಟ. ಮಳೆಗಾಲ ಬೇರೆ! 36ನೇ ವಾರಕ್ಕೆ ನಿಲ್ಲಿಸಿದೆ.

ಆಫೀಸು ಹತ್ತಿರವಿದ್ದು, ಡಾಕ್ಟರ್ ಒಪ್ಪಿದರೆ ಇನ್ನೂ ಸ್ವಲ್ಪ ದಿನ ಹೋಗಬಹುದು. ಬಿಪಿ ಜಾಸ್ತಿ ಇದ್ದರೆ ಮಾತ್ರ ಸುಮ್ನೆ ವಾರದ ಲೆಕ್ಕ ಹಾಕುತ್ತಾ ಕೂರಬೇಡಿ. ರಜೆ ಅರ್ಜಿ ಮೊದಲೇ ಕೊಟ್ಟು, ಸಹಿ ಹಾಕಿಸಿದ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.