ಅಂಗಳದ ಕ್ಯಾಮೆರಾಕ್ಕೆ ಇನ್ನೊಂದು ನೆಟ್‌ವರ್ಕ್ ಕಾರ್ಡ್

ಚಾಲಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣಡಿಕೆ, ಒಣಗಬೇಕೆಂದರೆ 40-45 ದಿನದ ಬಿಸಿಲು ಬೇಕು. ಶಿರಸಿ ಪೇಟೆಯಿಂದ ದೂರದ ನಮ್ಮ ಒಂಟಿ ಮನೆಯಲ್ಲಿ ಅಷ್ಟೂ ರಾತ್ರಿ ಅಡಿಕೆ ಕಾಯುವವರು ಯಾರು? ಅಂಗಳಕ್ಕೆ ಮೂರು ಕ್ಯಾಮೆರಾ ಹಾಕಿದೆ. ಅಗ್ಗದ ಮಾಲು, ಇಂಟರ್‌ನೆಟ್ಟಿಗೆ ಬಿಟ್ಟರೆ ಯಾರ ಜೊತೆ ಮಾತಾಡುತ್ತವೋ ಎಂಬ ಅನುಮಾನ. ಡೆಬಿಯನ್ ಎಂಬ ಲಿನಕ್ಸ್ ಇರುವ ಹಳೆಯ ಡೆಸ್ಕ್‌ಟಾಪಿಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಹಾಕಿ, ಕ್ಯಾಮೆರಾಗಳನ್ನು ಬೇಲಿಯೊಳಗೇ ಇಡೋಣ ಅಂದುಕೊಂಡೆ.

ರಿಯಲ್‌ಟೆಕ್ ಚಿಪ್ಪಿನ ಕಾರ್ಡು ಚುಚ್ಚಿ ಆನ್ ಮಾಡಿದೆ. ಡ್ರೈವರ್ ಕೇಳಲಿಲ್ಲ, ಆದರೆ ಡೆಸ್ಕ್‌ಟಾಪಿನ ಇಂಟರ್‌ನೆಟ್ಟೇ ಹೋಯಿತು! ಹೊಸ ಕಾರ್ಡಿನ ಸೆಟ್ಟಿಂಗ್ ಇನ್ನೂ ಮುಟ್ಟಿಯೇ ಇರಲಿಲ್ಲ. ಕಾರ್ಡುಗಳ ಪಟ್ಟಿ ತೋರಿಸುವ ‘ಐಪಿ ಲಿಂಕ್’ ಕಮಾಂಡ್ ಕೊಟ್ಟು ನೋಡಿದರೆ, ನಿನ್ನೆಯವರೆಗೆ ಇಎನ್‌ಪಿ2ಎಸ್0 ಆಗಿದ್ದ ಹಳೆಯ ಕಾರ್ಡು ಇಎನ್‌ಪಿ3ಎಸ್0 ಆಗಿ ಕೂತಿದೆ. ಹಳೆಯ ಹೆಸರನ್ನು ಹೊಸಬ ಎತ್ತಿಕೊಂಡಿದ್ದಾನೆ. ಆ ಹೆಸರಿನಲ್ಲಿ ‘ಪಿ’ಯ ಮುಂದಿನ ಅಂಕಿ ಪಿಸಿಐ ಬಸ್ಸಿನದ್ದು, ಅಂದರೆ ಕಾರ್ಡು ಕೂತ ದಾರಿಯ ನಂಬರ್. ನಡುವೆ ಒಂದು ಕಾರ್ಡು ಸೇರಿದರೆ ಹಿಂದಿನದರ ನಂಬರ್ ಜಾರುತ್ತದೆ. ನನ್ನ ಸೆಟ್ಟಿಂಗ್ ಹಳೆಯ ಹೆಸರಿಗಿತ್ತು, ಹಾಗಾಗಿ ಕೇಬಲ್ಲೇ ಇಲ್ಲದ ಕಾರ್ಡು ಐಪಿ (ನೆಟ್‌ವರ್ಕ್ ವಿಳಾಸ) ಬೇಡುತ್ತಿತ್ತು.

ಕಾರ್ಡಿನೊಳಗೇ ಬರೆದಿರುವ ಗುರುತು, ಮ್ಯಾಕ್ ಅಡ್ರೆಸ್, ಮಾತ್ರ ಜಾರುವುದಿಲ್ಲ. ಲಿನಕ್ಸಿನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯ ನೆಟ್‌ವರ್ಕ್ ಫೋಲ್ಡರಿನಲ್ಲಿ ಎರಡು ಲಿಂಕ್ ಫೈಲ್ ಬರೆದು, ಮ್ಯಾಕ್ ನೋಡಿ ಒಂದಕ್ಕೆ ‘ಮನೆ0’, ಇನ್ನೊಂದಕ್ಕೆ ‘ಅಂಗಳ0’ ಎಂದು ನಾಮಕರಣ ಮಾಡಿದೆ (ಇಂಗ್ಲಿಷ್ ಅಕ್ಷರದಲ್ಲೇ ಅನ್ನಿ). ಬೂಟ್ ಆಗುವಾಗ ಮೊದಲು ಓದುವ ಇನಿಟ್‌ರ‍್ಯಾಮ್‌ಎಫ್‌ಎಸ್ ಅಪ್‌ಡೇಟ್ ಮಾಡಿ ರೀಬೂಟ್ ಮಾಡಿದ ಮೇಲೆ ಹೆಸರು ನಿಂತಿತು.

ಕ್ಯಾಮೆರಾ ಮತ್ತು ಮನೆಯ ರೂಟರ್ ಎರಡರ ಐಪಿಯೂ 192.168.1 ಎಂದೇ ಶುರುವಾಗುತ್ತಿತ್ತು. ಎರಡು ಕಾರ್ಡಿನಾಚೆ ಒಂದೇ ಸಬ್‌ನೆಟ್ (ವಿಳಾಸಗಳ ಗುಂಪು) ಇದ್ದರೆ ಲಿನಕ್ಸಿಗೆ ಯಾವ ಕಡೆ ಹೋಗಬೇಕೆಂದು ತಿಳಿಯುವುದಿಲ್ಲ. ಒಂದೊಂದೇ ಕ್ಯಾಮೆರಾವನ್ನು 192.168.50ಕ್ಕೆ ಬದಲಿಸಿ, ಅಂಗಳದ ಕಾರ್ಡಿಗೆ 192.168.50.1 ಕೊಟ್ಟೆ.

ಇಷ್ಟಾದ ಮೇಲೂ ಒಂದು ದಡ್ಡತನ ಬಾಕಿ ಇತ್ತು. ಕೈ ರೂಢಿಯಲ್ಲಿ ಅಂಗಳದ ಕಾರ್ಡಿಗೂ ಗೇಟ್‌ವೇ (ಹೊರಗೆ ಹೋಗುವ ಬಾಗಿಲು) ಸಾಲು ಬರೆದುಬಿಟ್ಟೆ, 192.168.50.254 ಅಂತ. ಆ ನಂಬರಿನ ಯಂತ್ರವೇ ಅಲ್ಲಿಲ್ಲ. ಮತ್ತೆ ಇಂಟರ್‌ನೆಟ್ ಬಂದ್. ಅರ್ಧ ದಿನ, ವೆಬ್‌ಸೈಟ್ ಹೆಸರಿಗೆ ಐಪಿ ಹುಡುಕಿಕೊಡುವ ಡಿಎನ್‌ಎಸ್ಸನ್ನು ಬೈದೆ. ಕೊನೆಗೆ ‘ಐಪಿ ರೂಟ್’ ಕಮಾಂಡ್ ಕೊಟ್ಟು ನೋಡಿದರೆ, ಇಂಟರ್‌ನೆಟ್ಟಿನ ದಾರಿ ಹೇಳುವ ಡೀಫಾಲ್ಟ್ ಸಾಲು ನೇರ ಅಂಗಳದ ಕಡೆ ಬೆರಳು ತೋರಿಸುತ್ತಿದೆ! ಗೇಟ್‌ವೇ ಸಾಲು ಅಳಿಸಿದೆ, ಅಷ್ಟೇ. ಕಾರ್ಡಿಗೆ ನೇರ ಸೇರಿದ ಸಬ್‌ನೆಟ್ಟಿಗೆ ಗೇಟ್‌ವೇ ಬೇಕಿಲ್ಲ.

ಒಂದು ಕಾರ್ಡಿನಿಂದ ಇನ್ನೊಂದಕ್ಕೆ ದಾಟಿಸುವ ಐಪಿ ಫಾರ್ವರ್ಡಿಂಗ್ ಮೊದಲಿಂದ ಸೊನ್ನೆಯಲ್ಲೇ (ಆಫ್) ಇತ್ತು, ಹಾಗೇ ಬಿಟ್ಟೆ. ಕ್ಯಾಮೆರಾ ಏನೇ ಕೂಗಿದರೂ ಡೆಸ್ಕ್‌ಟಾಪ್ ದಾಟುವುದಿಲ್ಲ. ಹಾಗಾಗಿ ಕ್ಯಾಮೆರಾದ ಗಡಿಯಾರಕ್ಕೆ ಇಂಟರ್‌ನೆಟ್ಟಿನಿಂದ ಸಮಯ ಸಿಗದು. ಡೆಸ್ಕ್‌ಟಾಪಿನಲ್ಲೇ ಕ್ರೋನಿ ಎಂಬ ಸಮಯದ ಸಾಫ್ಟ್‌ವೇರ್ ಹಾಕಿ ಸಮಯ ಹಂಚಿದೆ.

ಈಗ ಏಪ್ರಿಲ್. ಸಂಜೆ ಗುಡುಗು ಕೇಳಿಸಿದರೆ ಅಂಗಳದ ಕೇಬಲ್ ಮೊದಲು ಕಿತ್ತಿಡುತ್ತೇನೆ, ಅಡಿಕೆ ಒಳಗೆ ತರುವುದು ಆಮೇಲೆ. ಮನೆಯವಳಿಗೆ ಇದು ಸ್ವಲ್ಪವೂ ಹಿಡಿಸಿಲ್ಲ.