ಅಶ್ವದಳದ ಹಳೆ ಕಾರ್ಬೈನ್: ಕೊಳ್ಳುವ ಮೊದಲು ಏನೇನು ನೋಡಬೇಕು?

ಕುದುರೆ ಮೇಲೆ ಕೂತು ಉದ್ದನೆಯ ಬಂದೂಕು ಸಂಭಾಳಿಸುವುದು ಕಷ್ಟ. ಅದಕ್ಕೇ ಅಶ್ವದಳಕ್ಕೆ ಗಿಡ್ಡ ನಳಿಗೆಯ ಕಾರ್ಬೈನ್ ಬಂತು. ಇವತ್ತು ಚೆನ್ನಾಗಿ ಉಳಿದವು ಅಪರೂಪ. ಬೆಲೆ ಜಾಸ್ತಿ, ನಕಲಿಯೂ ಜಾಸ್ತಿ.

ಮೊದಲು ಕಾನೂನು ತಿಳಿದುಕೊಳ್ಳಿ. ಅಮೆರಿಕದ ಫೆಡರಲ್ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮೊದಲು ತಯಾರಾದ ಬಂದೂಕು ‘ಪುರಾತನ’. ರಾಜ್ಯಗಳ ನಿಯಮ ಬೇರೆ ಇರಬಹುದು. ಬೇರೆ ದೇಶಗಳಲ್ಲಿ ಅಲ್ಲಿನದೇ ಕಾನೂನು.

ಆಮೇಲೆ ಒಂದೇ ಮಾದರಿ ಆರಿಸಿಕೊಳ್ಳಿ. ಅಮೆರಿಕದ ಅಂತರ್ಯುದ್ಧದ ಶಾರ್ಪ್ಸ್, ಬರ್ನ್‌ಸೈಡ್, ಹಿಡಿಯೊಳಗಿನ ಕೊಳವೆಯಲ್ಲಿ ಏಳು ತೋಟಾ ತುಂಬುವ ಸ್ಪೆನ್ಸರ್, ಎಲ್ಲವೂ ಸೆಳೆಯುತ್ತವೆ. ಆದರೆ ಒಂದನ್ನು ಆಳವಾಗಿ ಬಲ್ಲವರು ಮೋಸ ಹೋಗುವುದು ಕಡಿಮೆ.

ನನ್ನ ಆಯ್ಕೆ 1873ರ ಸ್ಪ್ರಿಂಗ್‌ಫೀಲ್ಡ್. 1876ರಲ್ಲಿ ಅಮೆರಿಕದ ಮೂಲನಿವಾಸಿಗಳ ಜೊತೆ ನಡೆದ ಲಿಟಲ್ ಬಿಗ್‌ಹಾರ್ನ್ ಕದನದಲ್ಲಿ ಅಮೆರಿಕದ ಸೇನಾಧಿಕಾರಿ ಕಸ್ಟರ್‌ನ 7ನೇ ಅಶ್ವದಳದ ಕೈಯಲ್ಲಿದ್ದುದು ಇದೇ. ಹಾಗಾಗಿ ರೈಫಲ್ ಕತ್ತರಿಸಿ ‘ಕಾರ್ಬೈನ್’ ಎಂದು ಮಾರುವವರೂ ಇದ್ದಾರೆ. ಹಿಡಿಯುವುದು ಹೀಗೆ: ಅಸಲಿ ನಳಿಗೆ 22 ಇಂಚು, ರೈಫಲ್‌ನದು 32 ಇಂಚಿಗೂ ಜಾಸ್ತಿ. ನಳಿಗೆ ತುದಿಯತ್ತ ಸಣ್ಣಗಾಗುತ್ತಾ ಹೋಗುತ್ತದೆ ಅಲ್ವಾ? ಮಧ್ಯದಲ್ಲಿ ಕತ್ತರಿಸಿದರೆ ಬಾಯಿ ಇರಬೇಕಾದ್ದಕ್ಕಿಂತ ದಪ್ಪ ಉಳಿಯುತ್ತದೆ. ಅಳತೆ ಪಟ್ಟಿ ಸಾಲದು, ದಪ್ಪ ಅಳೆಯುವ ಕ್ಯಾಲಿಪರ್ ಬೇಕು. ನಂತರ ಮರವನ್ನು ತಿರುಗಿಸಿ ನೋಡಿ. ರೈಫಲ್‌ನ ಕೆಳಗೆ ಗಜ, ಅಂದರೆ ನಳಿಗೆ ಶುಚಿ ಮಾಡುವ ಉದ್ದನೆಯ ಸಲಾಕೆ, ಕೂರುವ ಕಾಲುವೆ ಇರುತ್ತದೆ. ಅದನ್ನು ಮುಚ್ಚಲು ಅಂಟಿಸಿದ ಮರದ ತುಂಡಿನ ಗೆರೆ ಬೆಳಕಿಗೆ ಹಿಡಿದರೆ ಕಾಣುತ್ತದೆ. ಎಡಬದಿಯ ಉಂಗುರವನ್ನೂ ನೋಡಿ. ಸವಾರ ಹೆಗಲ ಪಟ್ಟಿಯ ಕೊಂಡಿಯನ್ನು ಇದಕ್ಕೇ ಸಿಕ್ಕಿಸುತ್ತಿದ್ದ. ಬಂದೂಕೆಲ್ಲ ಸವೆದು, ಉಂಗುರ ಮಾತ್ರ ಹೊಸದಾಗಿದ್ದರೆ ಅನುಮಾನ ಪಡಿ.

ಬಂದೂಕನ್ನು ಪರೀಕ್ಷಿಸಿ ಒಪ್ಪಿದ ಸೈನ್ಯದ ತಪಾಸಣಾಧಿಕಾರಿಗಳ ಮುದ್ರೆ ಮರದ ಹಿಡಿಯ ಮೇಲಿರುತ್ತದೆ. ಅಂಚು ಮಸುಕಾಗಿದ್ದರೆ ಯಾರೋ ಮರಳು ಕಾಗದ ಉಜ್ಜಿರಬಹುದು. ಹಾಗೆಂದು ಬದಲಾವಣೆಯೆಲ್ಲ ಮೋಸವಲ್ಲ. ಅಂತರ್ಯುದ್ಧದ ನಂತರ ಸೈನ್ಯವೇ ಸಾವಿರಾರು ಶಾರ್ಪ್ಸ್‌ಗಳನ್ನು ಲೋಹದ ತೋಟಾಕ್ಕೆ ಹೊಂದಿಸಿತು. ಅವೂ ಅಸಲಿಯೇ.

ಕೊಂಡ ಮೇಲೆ ದಯವಿಟ್ಟು ಪಾಲಿಶ್ ಮಾಡಬೇಡಿ. ನೂರೈವತ್ತು ವರ್ಷದಲ್ಲಿ ಕೂಡಿದ ಕಂದು ಬಣ್ಣ ಒಮ್ಮೆ ಹೋದರೆ ಮತ್ತೆ ಬರುವುದಿಲ್ಲ, ಬೆಲೆಯೂ ಇಳಿಯುತ್ತದೆ. ಒಳಗೆ ತೋಟಾ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಮೆತ್ತನೆ ಬಟ್ಟೆಯಲ್ಲಿ ತೆಳುವಾಗಿ ಎಣ್ಣೆ ಸವರಿದರೆ ಸಾಕು.

‘ಇದು ಕಸ್ಟರ್‌ನ ಸೈನಿಕನದು’ ಎಂದು ಯಾರಾದರೂ ಹೇಳಿದರೆ ಕಾಗದ ಕೇಳಿ. ಕಾಗದವಿಲ್ಲದಿದ್ದರೆ ಬರೀ ಬಂದೂಕಿನ ಬೆಲೆ ಕೊಡಿ. ಸಿಕ್ಕ ರಸೀದಿ, ಪತ್ರ, ಕ್ರಮಸಂಖ್ಯೆಯ ಫೋಟೊ ಎಲ್ಲವನ್ನೂ ಒಂದೇ ಕಡತದಲ್ಲಿಡಿ. ಮುಂದೆ ಕೊಳ್ಳುವವರು ಕೇಳುವುದು ಅದನ್ನೇ.