ಕನ್ನಡದ ಫೈಲು ಹುಡುಕಿದರೆ ಸಿಗಬೇಕು

ನಮ್ಮ ಮನೆಯ ಕಾಗದಪತ್ರಗಳನ್ನೆಲ್ಲ ಕಂಪ್ಯೂಟರ್‌ನಲ್ಲಿ ಜೋಡಿಸಿಡುವ ಕೆಲಸ ನನ್ನದು. ಕ್ರಯಪತ್ರ, ಪಹಣಿ, ಖಾತಾ, ಕಂದಾಯದ ರಸೀದಿ, ಸಂಘದ ಕೆಲಸಕ್ಕೆ ಅಪ್ಪ ಟೈಪ್ ಮಾಡಿದ ಪತ್ರಗಳು, ಎಲ್ಲ ಸೇರಿ ದೊಡ್ಡ ರಾಶಿಯೇ ಇದೆ. ಫೋಲ್ಡರ್ ಹೇಗೆ ಮಾಡಬೇಕು ಅಂತ ಜನ ತುಂಬಾ ತಲೆ ಕೆಡಿಸಿಕೊಳ್ಳುತ್ತಾರೆ. ಜಮೀನು, ಮನೆ, ಬ್ಯಾಂಕು, ಆಸ್ಪತ್ರೆ, ಓದು ಅಂತ ನಾಲ್ಕೈದು ಇದ್ದರೆ ಸಾಕು. ಕನ್ನಡದಲ್ಲಿ ಕಾಗದ ಇಟ್ಟುಕೊಂಡಿರುವ ನಮಗೆ ನಿಜವಾದ ಕೆಲಸ ಬೇರೆ: ಅದು ಹುಡುಕಿದಾಗ ಸಿಗುವ ಹಾಗೆ ಮಾಡುವುದು.

ಹೆಸರಿನಿಂದ ಶುರು ಮಾಡಿದೆ. ಪ್ರತಿ ಫೈಲಿನ ಹೆಸರಲ್ಲೂ ಮೊದಲು ಇಸವಿ, ಆಮೇಲೆ ತಿಂಗಳು, ದಿನ. ‘2014-08-22 ಕ್ರಯಪತ್ರ ಕೆರೆ ಹೊಲ’ ಅನ್ನೋ ಹಾಗೆ. ಹೀಗಿದ್ದರೆ ಫೈಲುಗಳು ತಾವಾಗಿಯೇ ಕಾಲದ ಕ್ರಮದಲ್ಲಿ ನಿಲ್ಲುತ್ತವೆ. ತಾರೀಖು ಮೊದಲು ಬರೆದರೆ ಎಲ್ಲ ವರ್ಷಗಳ 22ನೇ ತಾರೀಖೂ ಒಂದೇ ಕಡೆ ಗುಂಪಾಗುತ್ತದೆ. ಹುಡುಕಲು ವಿಂಡೋಸ್‌ನಲ್ಲಿ ಎವೆರಿಥಿಂಗ್ ಅನ್ನುವ ಉಚಿತ ತಂತ್ರಾಂಶ ಬಳಸುತ್ತೇನೆ. ಡಿಸ್ಕ್ ತನ್ನೊಳಗೇ ಇಟ್ಟುಕೊಂಡಿರುವ ಫೈಲುಗಳ ಪಟ್ಟಿಯನ್ನೇ ಅದು ಓದುತ್ತದೆ. ಹಾಗಾಗಿ ಎರಡು ಅಕ್ಷರ ಒತ್ತುವಷ್ಟರಲ್ಲಿ ಫೈಲು ಎದುರಿಗಿರುತ್ತದೆ. ಆದರೆ ಅದು ನೋಡುವುದು ಮುಖ್ಯವಾಗಿ ಹೆಸರನ್ನು. ಅದಕ್ಕೇ ಸರ್ವೆ ನಂಬರ್, ಊರಿನ ಹೆಸರು ಎಲ್ಲ ಅಲ್ಲೇ ಬರೆದುಬಿಡುತ್ತೇನೆ.

ಜಾಸ್ತಿ ಹೊತ್ತು ಹಿಡಿದದ್ದು ಅಪ್ಪನ ಪತ್ರಗಳು. ಅವೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ತಂತ್ರಾಂಶದ ಹಳೆಯ ಫಾಂಟ್‌ನವು. ಪರದೆಯ ಮೇಲೆ ಕಾಣುವುದು ಕನ್ನಡ. ಆದರೆ ಫೈಲಿನ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ. ಆ ಫಾಂಟ್ ಇಲ್ಲದ ಕಡೆ ತೆರೆದರೆ ಒಂದು ಪದವೂ ಓದಲಾಗದು. ಈಗ ಎಲ್ಲ ಕಡೆ ಬಳಸುವ, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಇರುವ ಯೂನಿಕೋಡ್‌ನಲ್ಲಿ ‘ಪಂಚಾಯಿತಿ’ ಅಂತ ಹುಡುಕಿದರೆ ಅಂಥ ಪತ್ರ ಸಿಗುವುದೇ ಇಲ್ಲ. ನುಡಿ, ಅಂಥದ್ದೇ ಇನ್ನೊಂದು ತಂತ್ರಾಂಶವಾದ ‘ಬರಹ’, ಎರಡರ ಜೊತೆಗೂ ಯೂನಿಕೋಡ್‌ಗೆ ಬದಲಿಸುವ ಸಾಧನ ಬರುತ್ತದೆ. ಆದರೆ ಒಂದು ಎಚ್ಚರ ಬೇಕು. ನಡುವೆ ಇರುವ ಇಂಗ್ಲಿಷ್ ಪದಗಳನ್ನೂ ಅದು ಕನ್ನಡದ ಸಂಕೇತ ಅಂದುಕೊಂಡು ಅರ್ಥವಿಲ್ಲದ ಅಕ್ಷರಗಳಾಗಿ ಮಾಡಿಬಿಡಬಹುದು. ವಿಳಾಸ, ಕಂಪನಿ ಹೆಸರು ಇರುವ ಸಾಲುಗಳನ್ನು ಕೂತು ಓದಿ ಸರಿಮಾಡಬೇಕು. ಹಳೆಯ ಫೈಲನ್ನು ನಾನು ಅಳಿಸಿಲ್ಲ, ಹೊಸದರ ಪಕ್ಕದಲ್ಲೇ ಇಟ್ಟಿದ್ದೇನೆ.

ಸ್ಕ್ಯಾನ್ ಮಾಡಿದ ಕಾಗದಗಳಿಗೆ ಒಸಿಆರ್‌ಮೈಪಿಡಿಎಫ್ (OCRmyPDF) ಅನ್ನುವ ತಂತ್ರಾಂಶ ಬಳಸುತ್ತೇನೆ. ಇದು ಚಿತ್ರದಲ್ಲಿರುವ ಅಕ್ಷರ ಓದುವ ಟೆಸರಾಕ್ಟ್ ಅನ್ನುವ ತಂತ್ರಾಂಶದ ಮೂಲಕ ಅಕ್ಷರ ಗುರುತಿಸಿ, ಪುಟದ ಚಿತ್ರದ ಹಿಂದೆ ಕಣ್ಣಿಗೆ ಕಾಣದ ಹಾಗೆ ಪಠ್ಯ ಸೇರಿಸುತ್ತದೆ. ಪುಟ ನೋಡಲು ಮೊದಲಿನ ಹಾಗೇ ಇರುತ್ತದೆ, ಪಿಡಿಎಫ್ ಒಳಗೆ ಹುಡುಕಲು ಮಾತ್ರ ಬರುತ್ತದೆ. ಕನ್ನಡ ಅಕ್ಷರ ಗುರುತಿಸಲು ಟೆಸರಾಕ್ಟ್‌ಗೆ ಬೇಕಾದ ದತ್ತಾಂಶವನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಸ್ಕ್ಯಾನ್ 300 ಡಿಪಿಐ (ಒಂದು ಅಂಗುಲಕ್ಕೆ 300 ಚುಕ್ಕೆ) ಇದ್ದರೆ ಒಳ್ಳೆಯದು. ಅಚ್ಚಾದ ಪುಟಗಳು ಚೆನ್ನಾಗಿ ಬಂದವು. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್‌ನ ಹಳೆಯ ಪಹಣಿಗಳು, ಕೈಬರಹ, ಮೊಹರಿನ ಕೆಳಗಿನ ಸಾಲುಗಳು ಬರಲಿಲ್ಲ. ಒತ್ತಕ್ಷರಗಳಲ್ಲೂ ತಪ್ಪು ಜಾಸ್ತಿ. ಹಾಗಾಗಿ ಹುಡುಕುವಾಗ ಇಡೀ ಪದ ಹಾಕುವುದಿಲ್ಲ, ಒತ್ತಿಲ್ಲದ ತುಂಡು ಹಾಕುತ್ತೇನೆ. ‘ಚಿಕ್ಕನಹಳ್ಳಿ’ ಬೇಕಿದ್ದರೆ ಬರೀ ‘ನಹ’ ಸಾಕು.

ಇನ್ನೊಂದು ವಿಷಯ, ಇದನ್ನು ದಯವಿಟ್ಟು ಗಮನಿಸಿ. ‘ಬ್ಯಾಂಕ್’ ಅಂತ ಬರೆಯುವಾಗ ಕೆಲವರು ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತುತ್ತಾರೆ, ‘ಬ್ಯಾ೦ಕ್’ ಅಂತ. ಕಣ್ಣಿಗೆ ಎರಡೂ ಹೆಚ್ಚು ಕಡಿಮೆ ಒಂದೇ. ಕಂಪ್ಯೂಟರ್‌ಗೆ ಪೂರ್ತಿ ಬೇರೆ. ‘ಪಾಸ್‌ಬುಕ್’, ‘ಪಾಸ್ಬುಕ್’, ‘ಪಾಸ್ ಬುಕ್’ ಕೂಡ ಹಾಗೇ, ಮೂರು ಬೇರೆ ಬೇರೆ ಪದಗಳು. ಫೈಲಿನ ಹೆಸರುಗಳಲ್ಲಿ ಇವನ್ನೆಲ್ಲ ಒಂದೇ ರೂಪಕ್ಕೆ ತಂದ ಮೇಲೆ ಇಲ್ಲ ಅಂದುಕೊಂಡಿದ್ದ ಎಷ್ಟೋ ಕಾಗದಗಳು ಕಾಣಿಸಿಕೊಂಡವು.

ಫೋನ್, ಲ್ಯಾಪ್‌ಟಾಪ್ ಎರಡರಲ್ಲೂ ಒಂದೇ ಪ್ರತಿ ಇರಲಿ ಅಂತ, ಎರಡರ ಫೈಲುಗಳನ್ನೂ ಸದಾ ಸಮವಾಗಿಡುವ ಸಿಂಕ್‌ಥಿಂಗ್ ಅನ್ನುವ ತಂತ್ರಾಂಶ ಹಾಕಿದ್ದೇನೆ. ನಡುವೆ ಯಾರ ಸರ್ವರ್‌ನಲ್ಲೂ ಫೈಲು ಕೂರುವುದಿಲ್ಲ. ಆದರೆ ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಆದ್ದರಿಂದ ಹಳೆಯ ಆವೃತ್ತಿ ಉಳಿಸುವ ಆಯ್ಕೆಯನ್ನು ಎರಡೂ ಕಡೆ ಆನ್ ಮಾಡಿದ್ದೇನೆ. ಬೇರೆ ಹಾರ್ಡ್ ಡಿಸ್ಕ್‌ನಲ್ಲಿ ಇನ್ನೊಂದು ಪ್ರತಿ ತಂಗಿ ಮನೆಯಲ್ಲಿದೆ. ಅವಳು ಊರಿಗೆ ಬಂದಾಗ ತರುತ್ತಾಳೆ, ಹೊಸದನ್ನು ತುಂಬಿ ಕಳಿಸುತ್ತೇನೆ.